ಘಾಟಿಯ ಪ್ರಯಾಣವೂ ಅದರ ಪೂರ್ವಸಿದ್ಧತೆಯೂ



ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಯೊಡನೆ ಶಾಲೆಯ ಕಚೇರಿಗೆ ಬಂದಳು. ನೇಪಾಳದ ಅನ್ನಪೂರ್ಣಾ ಪರ್ವತಗಳನ್ನು ಸುತ್ತಿ, 17,769 ಅಡಿ ಎತ್ತರದ ತೊರೊಂಗ್ ಲಾ ಎಂಬ ಘಾಟಿಯನ್ನು ಮೂವರು ಗೆಳತಿಯರೊಡನೆ ದಾಟಿ ಮುಕ್ತಿನಾಥಕ್ಕೆ ಇಳಿಯಬೇಕೆಂಬದು ಅವಳ ಇಚ್ಛೆ. ಮಗಳು ನಮ್ಮ ಆಶೀರ್ವಾದವನ್ನು ಬಯಸಿದಳು. ತಾಯಿಯವರಾದರೋ ನಾವು ಬೇಡವೆನ್ನುವೆವೆಂದು ಎದುರುನೋಡಿದರು. ಆ ಭಯವು ಅಕಾರಣವಾದದ್ದಲ್ಲ. 2024ನೆಯ ಇಸವಿಯ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋದ 22 ಮಂದಿಯ ತಂಡದಲ್ಲಿ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ. ಆ ದುಃಖವನ್ನು ನಾಡು ಇನ್ನೂ ಮರೆತಿಲ್ಲ.

ಆದಾಗ್ಯೂ ನಾವು ಬೇಡವೆನ್ನಲಿಲ್ಲ. 1975ರಲ್ಲಿ ಜಪಾನಿನ ಜುಂಕೊ ತಾಬೆಯವರೂ 1984ರಲ್ಲಿ ನಮ್ಮ ದೇಶದ ಬಚೇಂದ್ರಿ ಪಾಲರೂ ಎವರೆಸ್ಟ್ ಶಿಖರವನ್ನು ಏರಿದ ಮೇಲೆ, ಹೆಣ್ಣುಮಕ್ಕಳಿಗೆ ಪರ್ವತವು ಸಲ್ಲದೆಂಬ ಮಾತಿಗೆ ಬೆಲೆಯಿಲ್ಲ. ಆದರೆ ಪ್ರಯಾಣದ ಕ್ರಮವನ್ನು ಬರೆದ ಕಾಗದವನ್ನು ತೋರಿಸೆಂದು ಕೇಳಿದೆವು. ಗೋಪುರವನ್ನು ಕಟ್ಟಬಯಸುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂಬ ಕರ್ತನ ಸಾಮ್ಯವು ಈ ಶಾಲೆಯಲ್ಲಿ ಓದಿದವರೆಲ್ಲರಿಗೂ ತಿಳಿದದ್ದೇ.

ಹಣದ ಲೆಕ್ಕವು ಸರಿಯಾಗಿತ್ತು. ದಿನಗಳ ಲೆಕ್ಕವು ಸರಿಯಾಗಿರಲಿಲ್ಲ. ಸುಮಾರು 2,500 ಅಡಿ ಎತ್ತರದ ಬೇಸಿಸಹರದಿಂದ 11,600 ಅಡಿ ಎತ್ತರದ ಮನಾಂಗ್ ಗ್ರಾಮಕ್ಕೆ ಈಗ ಮೋಟಾರು ರಸ್ತೆ ಇರುವದರಿಂದ, ಎರಡೇ ದಿನಗಳಲ್ಲಿ ಜೀಪಿನಲ್ಲಿ ಅಲ್ಲಿಗೆ ಹೋಗಿ, ಮೂರನೆಯ ದಿನ ಘಾಟಿಯ ಬುಡದಲ್ಲಿರುವ ಫೇದಿಯನ್ನು ಸೇರಿ, ನಾಲ್ಕನೆಯ ದಿನ ಘಾಟಿಯನ್ನು ದಾಟುವದೆಂದು ಬರೆದಿದ್ದಳು. ವಿಶ್ರಾಂತಿಯ ದಿನ ಒಂದೂ ಇರಲಿಲ್ಲ. ಮುಳ್ಳಯ್ಯನಗಿರಿಯನ್ನು ಎರಡು ಸಾರಿ ಹತ್ತಿ ಅಭ್ಯಾಸ ಮಾಡಿರುವೆನೆಂದು ಹೇಳಿದಳು. ಆ ಅಭ್ಯಾಸವು ಕಾಲುಗಳಿಗೆ ಒಳ್ಳೆಯದೇ. ಆದರೆ ನಮ್ಮ ರಾಜ್ಯದಲ್ಲೆಲ್ಲ ಎತ್ತರವಾದ ಆ ಬೆಟ್ಟವು 6,330 ಅಡಿ ಮಾತ್ರ. ತೊರೊಂಗ್ ಲಾ ಅದರ ಸುಮಾರು ಮೂರರಷ್ಟು. ಅಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವದರ ಅರ್ಧದಷ್ಟೇ ಆದಕಾರಣ, ಒಂದೊಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅರ್ಧವೇ. ಇದಕ್ಕೆ ಶರೀರವು ಹೊಂದಿಕೊಳ್ಳುವದು ಬಲದಿಂದಲ್ಲ, ಕಾಲಾವಕಾಶದಿಂದ. ಅದನ್ನು ಇಲ್ಲಿಂದಲೇ ಸಂಪಾದಿಸಿಕೊಂಡು ಹೋಗುವದು ಯಾರಿಗೂ ಸಾಧ್ಯವಿಲ್ಲ.

ವೈದ್ಯರು ಹೇಳುವ ನಿಯಮವು ಸರಳವಾದದ್ದು. ಸುಮಾರು 10,000 ಅಡಿಯನ್ನು ದಾಟಿದ ಮೇಲೆ, ಹಿಂದಿನ ರಾತ್ರಿ ಮಲಗಿದ ಸ್ಥಳಕ್ಕಿಂತ 1,600 ಅಡಿಗೂ ಹೆಚ್ಚು ಎತ್ತರದಲ್ಲಿ ಮಲಗಕೂಡದು. ಮೂರು ನಾಲ್ಕು ದಿನಗಳಿಗೆ ಒಂದು ದಿನ ಏರದೆ ನಿಲ್ಲತಕ್ಕದ್ದು. ಮನಾಂಗಿನಿಂದ ಫೇದಿಗೆ ಏರು ಸುಮಾರು 3,000 ಅಡಿ. ಗಟ್ಟಿಗರು ಅದನ್ನು ಒಂದೇ ದಿನದಲ್ಲಿ ನಡೆಯಬಲ್ಲರು, ಆದರೆ ನಡೆಯಕೂಡದು. ಆದಕಾರಣ ಕೆಂಪು ಶಾಯಿಯಿಂದ ನಿಬಂಧವನ್ನು ತಿದ್ದುವಂತೆ ತಿದ್ದಿದೆವು: ಕೆಳಗಿನ ಹಳ್ಳಿಗಳಲ್ಲಿ ನಡೆದುಕೊಂಡೇ ಹೋಗುವದು, ಮನಾಂಗಿನಲ್ಲಿ ಎರಡು ರಾತ್ರಿಗೆ ಕಡಿಮೆಯಿಲ್ಲದೆ ತಂಗುವದು, ಯಾಕ್ ಖರ್ಕದಲ್ಲಿ ಒಂದು ರಾತ್ರಿ ಕಳೆಯುವದು, ಇವೆಲ್ಲದರ ಮೇಲೆ ಎರಡು ದಿನಗಳನ್ನು ಯಾವ ಕೆಲಸಕ್ಕೂ ಹಂಚದೆ ಬರಿದಾಗಿ ಇಟ್ಟುಕೊಳ್ಳುವದು.

ಆ ಬರಿಯ ದಿನಗಳೇ ಪ್ರಾಣವನ್ನು ಕಾಯುವವು. 2014ನೆಯ ಇಸವಿಯ ಅಕ್ಟೋಬರ್ 12ರಂದು ಹುದ್‌ಹುದ್ ಎಂಬ ಚಂಡಮಾರುತವು ವಿಶಾಖಪಟ್ಟಣವನ್ನು ಅಪ್ಪಳಿಸಿತು. ಎರಡು ದಿನಗಳ ತರುವಾಯ ಅದರ ಶೇಷವೇ ಹಿಮವಾಗಿ ತೊರೊಂಗ್ ಲಾದ ಸೀಮೆಯಲ್ಲಿ ಸುರಿದು, ಪ್ರಯಾಣಿಕರೂ ದಾರಿತೋರುವವರೂ ಆ ಸೀಮೆಯವರೂ ಸೇರಿ ಕಡಿಮೆಪಕ್ಷ 43 ಮಂದಿ ಸತ್ತರು. ಅಕ್ಟೋಬರ್ ತಿಂಗಳು ಆ ಘಾಟಿಗೆ ಒಳ್ಳೆಯ ಕಾಲವೆಂದು ಎಲ್ಲರೂ ಹೇಳುವರು. ಅದು ನಿಜವೂ ಹೌದು. ಆದರೆ ಒಳ್ಳೆಯ ತಿಂಗಳಿನಲ್ಲಿಯೂ ಕೆಟ್ಟ ದಿನವು ಬರುವದುಂಟು. ಕೈಯಲ್ಲಿ ಮಿಕ್ಕ ದಿನವಿರುವವಳು ಕಾಯುವಳು. ಮರುಪ್ರಯಾಣದ ಚೀಟಿಯ ತಾರೀಖಿಗೆ ಕಟ್ಟುಬಿದ್ದವಳು ಹೊರಟುಬಿಡುವಳು.

ಆ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲನ್ನು ಅವಳ ಕೈಯಿಂದಲೇ ಬರೆಯಿಸಿದೆವು: ನಾಲ್ವರಲ್ಲಿ ಒಬ್ಬಳಿಗಾದರೂ ತಲೆನೋವು, ವಾಕರಿಕೆ ಕಾಣಿಸಿದರೆ ಏರುವದನ್ನು ನಿಲ್ಲಿಸುವದು, ಅವು ಶಮನವಾಗದಿದ್ದರೆ, ಅಥವಾ ಹೆಜ್ಜೆ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲಿಯೇ ಏದುಸಿರು ಬಂದರೆ, ಬೆಳಗಾಗುವದನ್ನು ಕಾಯದೆ ಎಲ್ಲರೂ ಇಳಿಯುವದು.

ಫೇದಿಯಲ್ಲಿ ಒಬ್ಬಳಿಗೆ ತಲೆನೋವೂ ವಾಂತಿಯೂ ಆರಂಭವಾಗಿ ಬಿಡಲಿಲ್ಲ. ಬರೆದಿದ್ದಂತೆಯೇ ನಾಲ್ವರೂ ಇಳಿದರು. ಆ ಮಗಳು ಇಳಿಯುತ್ತಲೇ ಚೇತರಿಸಿಕೊಂಡಳು. ಘಾಟಿಯನ್ನು ಅವರು ಕಾಣಲಿಲ್ಲ.

ನಾವು ಈ ಲೇಖನವನ್ನು ಬರೆಯುವದಕ್ಕೆ ಕಾರಣವು ಮುಂದೆ ಉಂಟು. ಪೂರ್ವವಿದ್ಯಾರ್ಥಿನಿಯರ ಕೂಟದಲ್ಲಿ ಅವಳನ್ನು ಕಂಡವರೆಲ್ಲರೂ ಕೇಳಿದ್ದು ಒಂದೇ ಮಾತು: "ದಾಟಿದೆಯಾ?" ಇಲ್ಲವೆಂದು ಅವಳು ತಲೆತಗ್ಗಿಸಿದಳು. ಅಷ್ಟು ಹಣ ಹಾಳಾಯಿತಲ್ಲಾ ಎಂದವರೂ ಇದ್ದರು. ನಮಗೆ ಅದು ಬಹಳ ವ್ಯಥೆಯನ್ನು ಉಂಟುಮಾಡಿತು. ಯಾಕಂದರೆ ತಪ್ಪು ನಮ್ಮದೂ ಆಗಿದೆ. ಮುಗಿಸಿದವರಿಗೆ, ಗೆದ್ದವರಿಗೆ, ಮೊದಲಾದವರಿಗೆ ನಾವು ವರ್ಷವರ್ಷವೂ ಬಹುಮಾನ ಹಂಚುತ್ತೇವೆ. ತಕ್ಕ ಸಮಯದಲ್ಲಿ ಹಿಂದಿರುಗಿದ ಹುಡುಗಿಗೆ ಬಹುಮಾನ ಕೊಟ್ಟದ್ದು ಈ ಶಾಲೆಯ ಪುಸ್ತಕಗಳಲ್ಲಿ ಎಲ್ಲಿಯೂ ಬರೆದಿಲ್ಲ. ಹಿಂದಿರುಗುವದು ನಾಚಿಕೆಯೆಂದು ಹೀಗೆ ಕಲಿತ ಮಗಳು, ಹಿಮಗಾಳಿಯೊಳಗೂ ಮುಂದಕ್ಕೇ ನಡೆದಾಳು.

ಆದಕಾರಣ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವೇನಂದರೆ: ಮಗಳು ಇಂಥಾ ಪ್ರಯಾಣಕ್ಕೆ ಅಪ್ಪಣೆ ಕೇಳಿದಾಗ ಕೂಡಲೇ ಬೇಡವೆನ್ನಬೇಡಿರಿ, ಕೂಡಲೇ ಒಪ್ಪಲೂ ಬೇಡಿರಿ. ವಿಶ್ರಾಂತಿಯ ದಿನಗಳೆಷ್ಟು, ಯಾವ ಗುರುತನ್ನು ಕಂಡರೆ ಹಿಂದಿರುಗುವಿರಿ, ಅದನ್ನು ನಿರ್ಣಯಿಸುವವರು ಯಾರು, ನಿಮ್ಮ ಹೊರೆ ಹೊರುವವನಿಗೂ ಬೆಚ್ಚನೆಯ ಬಟ್ಟೆ ಉಂಟೋ ಎಂದು ಕೇಳಿರಿ. ಉತ್ತರವು ಸರಿಯಾಗಿದ್ದರೆ ಸಂತೋಷದಿಂದ ಕಳುಹಿಸಿರಿ. ಅವಳು ಮರಳಿ ಬಂದ ದಿನ, ದಾಟಿದೆಯಾ ಎಂದು ಕೇಳುವದಕ್ಕೆ ಮೊದಲು, ಎಲ್ಲರೂ ಕ್ಷೇಮವಾಗಿ ಬಂದಿರಾ ಎಂದು ಕೇಳಿರಿ.

ಆ ನಾಲ್ವರು ಇನ್ನೊಮ್ಮೆ ಹೊರಡುವ ಸನ್ನಾಹದಲ್ಲಿದ್ದಾರೆ. ಈ ಸಾರಿ ಕಾಗದವನ್ನು ಅವರೇ ತಿದ್ದಿದ್ದಾರೆ. ಬರಿಯ ದಿನಗಳು ಎರಡಲ್ಲ, ಮೂರು. ಅವರ ಹೋಗುವಿಕೆಯನ್ನೂ ಬರುವಿಕೆಯನ್ನೂ ದೇವರು ಕಾಯಲೆಂದು ಪ್ರಾರ್ಥಿಸುತ್ತೇವೆ.