ಏಟು ಯಾರಿಗೆ ಬೀಳುತ್ತಿದೆ?

ಬನಶಂಕರಿ ಎರಡನೇ ಹಂತದಲ್ಲಿರುವ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಪರದೇಶದ ಚಿತ್ರಗಳನ್ನು ನೋಡಿ ಚರ್ಚಿಸುವ ಅಭ್ಯಾಸ ದಕ್ಷಿಣ ಬೆಂಗಳೂರಿಗೆ ಹತ್ತಿದ್ದರಲ್ಲಿ ಅದರ ಪಾಲು ದೊಡ್ಡದು. 2022ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಫ್ರೆಂಚ್ ಚಿತ್ರ ‘ದಿ ಟೇಕ್‌ಡೌನ್’ ಮಾತ್ರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಕೂತು ನೋಡುವಂಥದ್ದು. ಅದನ್ನೂ ಚರ್ಚೆಗೆ ಎಳೆಯಬೇಕು ಅನ್ನುವುದು ನನ್ನ ಆಸೆ.

ಚಿತ್ರ ಮಜವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಒಮರ್ ಸಿ ಆಡಿದ ಪೊಲೀಸ್ ಅಧಿಕಾರಿ ಶುರುವಿನಲ್ಲೇ ಹೊಡೆದಾಟದ ಪಂಜರಕ್ಕೆ ಇಳಿದು, ಬೆಟ್ಟದಂಥ ಆಳಿನ ಕೈಲಿ ಚೆನ್ನಾಗಿ ತಿಂದು, ಆಮೇಲೆ ತಿರುಗಿಸಿ ಕೊಡುತ್ತಾನೆ. ಜೊತೆಗಾರ ಲೋರಾಂ ಲಾಫಿತ್‌ನದು ತನ್ನ ಅಂದಚೆಂದಕ್ಕೆ ತಾನೇ ಮರುಳಾದ ಪಾತ್ರ. ರೈಲಿನಲ್ಲಿ ಸಿಕ್ಕ ಅರ್ಧ ಹೆಣದ ಜಾಡು ಹಿಡಿದು ಇಬ್ಬರೂ ಜನಾಂಗದ್ವೇಷಿಗಳ ಗುಂಪಿನ ಎದುರು ಬಂದು ನಿಲ್ಲುತ್ತಾರೆ. ಆಫ್ರಿಕಾ ಮೂಲದ ನಟನೊಬ್ಬ ಅಂಥವರನ್ನು ಬಗ್ಗುಬಡಿಯುವುದನ್ನು ನೋಡಿದಾಗ ನ್ಯಾಯ ಸಿಕ್ಕಂತೆ ಅನಿಸುತ್ತದೆ. ಆ ಖುಷಿಯನ್ನು ಸಣ್ಣದೆಂದು ತಳ್ಳಿಹಾಕಲಾರೆ.

ಇದೇ ಒಮರ್ ಸಿ 2020ರಲ್ಲಿ ಫ್ರಾನ್ಸಿನ ಪೊಲೀಸ್ ದೌರ್ಜನ್ಯದ ವಿರುದ್ಧ ಬಹಿರಂಗವಾಗಿ ಬರೆದಿದ್ದ. ಬಂಧನದಲ್ಲಿ ಸತ್ತ ಅಡಾಮಾ ತ್ರಾವೋರೆಗೆ ನ್ಯಾಯ ಕೇಳಿದ್ದ. ಆದರೆ ಚಿತ್ರದ ನಗು ಆ ಪ್ರಶ್ನೆಯ ಹತ್ತಿರಕ್ಕೆ ಅಷ್ಟಾಗಿ ಸುಳಿಯುವುದಿಲ್ಲ. ಏಟು ತಿನ್ನುವವರು ಖಳರೇ ಎಂದು ಕಥೆಗೆ ಮೊದಲೇ ಗೊತ್ತು. ಠಾಣೆಗೆ ಆ ಖಾತ್ರಿ ಎಲ್ಲಿಂದ ಬರಬೇಕು?

ನಮ್ಮಲ್ಲೂ ಇದೇ ಇಬ್ಬಂದಿ. ಥ್ರಿಲ್ಲರ್ ಮಂಜು ಅವರ ‘ಪೊಲೀಸ್ ಸ್ಟೋರಿ’ 1996ರಲ್ಲಿ ಬಂತು. ಸಾಯಿಕುಮಾರ್ ಗುಡುಗಿಗೆ ಶಿಳ್ಳೆ ಹೊಡೆದವರೆಲ್ಲ ಹಿಂಸೆಯನ್ನು ಮೆಚ್ಚುವವರಾಗಿರಲಿಲ್ಲ. ಭ್ರಷ್ಟರ ಮೇಲಿದ್ದ ಸಿಟ್ಟು ಅಲ್ಲಿ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಬಸು ಪ್ರಕರಣದಲ್ಲಿ ಬಂಧನದ ನಿಯಮಗಳನ್ನು ಹಾಕಿಕೊಟ್ಟಿತು: ಪೊಲೀಸರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಇರಬೇಕು, ಬಂಧಿತನ ಕಡೆಯವರಿಗೆ ಸುದ್ದಿ ಮುಟ್ಟಬೇಕು. ಲಾಕಪ್ ಸಾವುಗಳನ್ನು ಕಂಡೇ ಹುಟ್ಟಿದ ನಿಯಮಗಳಿವು.

ಚಿತ್ರವನ್ನು ನೋಡಿ, ಮನಸಾರೆ ನಗಿ. ಜೊತೆಗೆ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಈ ಮೂರು ನಿಯಮಗಳನ್ನೂ ಅದೇ ರಾತ್ರಿ ಹೇಳಿಕೊಡಿ.