ಉಳಿಯದ ಕೂಸೂ ಲೆಕ್ಕಕ್ಕೆ ಬರಲಿ

ತಾಯಂದಿರೇ, ಅತ್ತೆಯಂದಿರೇ, ಮನೆಯ ಹಿರಿಯರೇ,

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದರೆ ‘ಯಾರೂ ಇಲ್ಲ, ಆಮೇಲೆ ಬನ್ನಿ’ ಎಂದು ಸಾಗಹಾಕಬೇಡಿ. ಅವರು ಎಲ್ಲರ ಮನೆಗೂ ಬರುವುದಿಲ್ಲ. ಚೀಟಿ ಎತ್ತಿದಂತೆ ಊರಿನ ಕೆಲವೇ ಮನೆಗಳನ್ನು ಆರಿಸಿರುತ್ತಾರೆ. ನೀವು ಒಲ್ಲೆನೆಂದರೆ ಪಕ್ಕದ ಮನೆಯನ್ನು ಸೇರಿಸಿಕೊಳ್ಳುವಂತಿಲ್ಲ.

2019–21ರ ಐದನೇ ಸುತ್ತಿನಲ್ಲಿ ದೇಶದ 7 ಲಕ್ಷಕ್ಕೂ ಹೆಚ್ಚು ಹೆಂಗಸರು ಉತ್ತರ ಕೊಟ್ಟರು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ ಎಂದು ತಿಳಿದದ್ದು ಅದರಿಂದ. ಸಂತೋಷವೇ. ಆದರೆ ಸಾವಿರ ಕೂಸುಗಳಲ್ಲಿ ಸುಮಾರು 25 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿವೆ, ಬಸುರಿಯರಲ್ಲಿ ಹತ್ತಿರಹತ್ತಿರ ಅರ್ಧ ಮಂದಿಗೆ ರಕ್ತ ಕಡಿಮೆ ಎಂದು ಹೇಳಿದ್ದೂ ಅದೇ ಸಮೀಕ್ಷೆ. ಹೆರಿಗೆ ಆಸ್ಪತ್ರೆಯಲ್ಲಾದರೆ ಸಾಕು ಎಂದು ಕೂತವರನ್ನು ಎಬ್ಬಿಸಬೇಕಾದ ಲೆಕ್ಕ ಇದು.

ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಎಲ್ಲ ಇರುತ್ತದಲ್ಲ ಎನ್ನುತ್ತೀರಿ. ನಮ್ಮ ಪದ್ಧತಿಯನ್ನೇ ನೋಡಿ. ತಾಯಿ ಕಾರ್ಡ್ ಆಗುವುದು ಗಂಡನ ಊರಲ್ಲಿ, ಚೊಚ್ಚಲ ಹೆರಿಗೆ, ಬಾಣಂತನ ತವರಲ್ಲಿ. ಅಲ್ಲಿ ಕೂಸು ಎಂಟು ದಿನಕ್ಕೇ ಹೋದರೆ ಈ ಊರಿನವರು ಆ ಊರಲ್ಲಿ ಬರೆದಿರುತ್ತಾರೆ ಅಂದುಕೊಳ್ಳುತ್ತಾರೆ, ಆ ಊರಿನವರು ಈ ಊರಲ್ಲಿ. ಎರಡೂ ಕಡೆ ಬರೆಯದೆ ಉಳಿದುಹೋಗಬಹುದು. ಸಮೀಕ್ಷೆ ಪುಸ್ತಕವನ್ನು ಕೇಳುವುದಿಲ್ಲ, ಹೆತ್ತವಳನ್ನೇ ಕೇಳುತ್ತದೆ. ಅದರ ಬೆಲೆ ಇರುವುದೇ ಅಲ್ಲಿ.

ಆದರೆ ಹೆತ್ತವಳಿಗೂ ಹೇಳಲು ಬಿಡಬೇಕು. ಎಷ್ಟು ಮಕ್ಕಳು ಎಂದರೆ ನಾವು ಇರುವವರನ್ನು ಮಾತ್ರ ಹೇಳುತ್ತೇವೆ. ಹೆಸರಿಡುವ ಮೊದಲೇ ಹೋದ ಕೂಸು, ಸತ್ತೇ ಹುಟ್ಟಿದ್ದು, ಮೂರು ತಿಂಗಳಿಗೆ ಇಳಿದುಹೋದ ಬಸಿರು ಬಾಯಿಗೆ ಬರುವುದಿಲ್ಲ. ಅತ್ತೆ ಎದುರಿಗೆ ಕೂತಿದ್ದರಂತೂ ಸೊಸೆ ಸುಮ್ಮನಾಗುತ್ತಾಳೆ. ಅತ್ತೆಯಂದಿರೇ, ಆ ಒಂದಷ್ಟು ಹೊತ್ತು ನೀವು ಹೊರಗಿರಿ, ಮಗನನ್ನೂ ಕರೆದುಕೊಂಡು ಹೋಗಿ. ಅವಳು ಹೇಳಿದ್ದು ಹೆಸರಿನೊಂದಿಗೆ ಎಲ್ಲೂ ಅಚ್ಚಾಗುವುದಿಲ್ಲ. ಬೇಡವಾದ ಪ್ರಶ್ನೆಗೆ ಉತ್ತರಿಸದಿರುವ ಹಕ್ಕೂ ಅವಳಿಗಿದೆ.

ತಂಗಿ, ಕೂಸು ಹೋದದ್ದು ನಿನ್ನ ಪಾಪದಿಂದಲ್ಲ, ಕಾಲ್ಗುಣದಿಂದಲ್ಲ. ಬಿಪಿ ಏರಿದ್ದು ಯಾರೂ ನೋಡದೆ ಹೋಗಿರಬಹುದು, ದಿನ ತುಂಬದೆ ಹುಟ್ಟಿರಬಹುದು, ಆಂಬುಲೆನ್ಸ್ ತಡವಾಗಿರಬಹುದು. ನೀನು ಹೇಳದಿದ್ದರೆ ಸಮೀಕ್ಷೆಯ ಲೆಕ್ಕದಲ್ಲಿ ಆ ಸಾವು ಆಗಿಯೇ ಇಲ್ಲ. ಆಗದ ಸಾವಿಗೆ ನವಜಾತ ಶಿಶುಗಳ ವಾರ್ಡಿನಲ್ಲಿ ಇನ್ನೊಬ್ಬ ನರ್ಸನ್ನು ಯಾರು ಕೊಡುತ್ತಾರೆ?

ಉತ್ತರ ಕೊಟ್ಟ ಮೇಲೆ ಕೇಳುವ ಹಕ್ಕೂ ನಮ್ಮದು. ಸಮೀಕ್ಷೆಯ ಜಿಲ್ಲಾವಾರು ಅಂಕಿಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಅಂಟಿಸಲಿ. ಮುಂದಿನ ಗ್ರಾಮಸಭೆಗೆ ಹೆಂಗಸರೆಲ್ಲ ಒಟ್ಟಾಗಿ ಹೋಗಿ, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರನ್ನೂ ಬರಹೇಳಿ. ಹೋದ ವರ್ಷ ನಮ್ಮಲ್ಲಿ ಎಷ್ಟು ಕೂಸುಗಳು ಹೋದವು, ತವರಿನಲ್ಲಿ ಹೋದವನ್ನೂ ಸೇರಿಸಿದ್ದೀರಾ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.