ಉದ್ಯೋಗಶಾಲೆಯ ಉಪಾಹಾರಗೃಹ

ಯಂತ್ರಕ್ಕೆ ಒದಗಿಸುವ ಇಂಧನವನ್ನು ಅಳೆದು ತೂಗುವ ನಾವು, ಆ ಯಂತ್ರವನ್ನು ನಡೆಸುವವನ ಆಹಾರದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುವುದಿಲ್ಲ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ ೨೨೦ ಮೆಗಾವಾಟ್ ಸಾಮರ್ಥ್ಯದ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಅಲ್ಲಿ ಹುಟ್ಟುವ ಉಷ್ಣದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಕಡಮೆ ಭಾಗ ವಿದ್ಯುತ್ತಾಗುತ್ತದೆ. ನಮ್ಮ ಸ್ನಾಯುಗಳೂ ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆ. ಆದರೆ ಒಂದು ಭೇದವುಂಟು: ಸ್ಥಾವರಕ್ಕೆ ಬೇಕಾದಷ್ಟೇ ಇಂಧನವನ್ನು ಉರಿಸಬಹುದು, ದೇಹವಾದರೋ ಮಿಕ್ಕ ಆಹಾರವನ್ನು ಕೊಬ್ಬಾಗಿ ಕೂಡಿಡುತ್ತದೆ.

ಸಣ್ಣ ಲೆಕ್ಕವೊಂದನ್ನು ಮಾಡೋಣ. ಒಂದು ಗ್ರಾಂ ಎಣ್ಣೆಯಲ್ಲಿ ೯ ಕಿಲೊಕ್ಯಾಲೊರಿ ಶಕ್ತಿಯಿದೆ. ಬಟಾಟೆ ವಡೆಗಳು ೧೦ ಗ್ರಾಂ ಎಣ್ಣೆ ಹೀರಿವೆಯೆಂದಿಟ್ಟುಕೊಂಡರೆ, ಆ ಎಣ್ಣೆಯದೇ ೯೦ ಕಿಲೊಕ್ಯಾಲೊರಿಯಾಯಿತು. ೬೦ ಕಿಲೊಗ್ರಾಂ ತೂಕದವನು ಅದನ್ನು ವ್ಯಯಿಸಲು ಸುಮಾರು ೧೬೦ ಮೀಟರು ಎತ್ತರ ಹತ್ತಬೇಕು. ಎಂದರೆ, ಐವತ್ತಕ್ಕೂ ಹೆಚ್ಚು ಅಂತಸ್ತುಗಳನ್ನು! ದಿನವಿಡೀ ಮೇಜಿನ ಮುಂದೆ ಕುಳಿತಿರುವ ನೌಕರನಿಗೆ ಇದು ಸಾಧ್ಯವೆ?

ಉಪ್ಪಿನ ಮಾತೂ ಹಾಗೆಯೇ. ೧೯೩೦ರಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದರು. ಅಂದು ಉಪ್ಪು ಬಡವನ ಹಕ್ಕಿನ ಪ್ರಶ್ನೆಯಾಗಿತ್ತು. ಇಂದು ಅದು ಮಿತಿಯ ಪ್ರಶ್ನೆ. ವಯಸ್ಕರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಒಂದೇ ತಟ್ಟೆಯಲ್ಲಿ ಕೂಡಿದರೆ ಆ ಮಿತಿ ಉಳಿಯುವುದು ಕಷ್ಟ. ಅತಿಯಾದ ಉಪ್ಪಿನಿಂದ ಏರುವ ರಕ್ತದೊತ್ತಡವು ನೋವಿನ ಸುಳಿವನ್ನೇ ಕೊಡದೆ ಹೃದಯವನ್ನೂ ಮೆದುಳನ್ನೂ ಕೆಡಿಸಬಲ್ಲದು.

ಇದಕ್ಕೆ ಗೋಡೆಯ ಮೇಲಿನ ಉಪದೇಶ ಮದ್ದಲ್ಲ. ಅಲ್ಪ ವಿರಾಮದಲ್ಲಿ ಹಸಿದು ಬಂದವನು ಮೊದಲು ಕೈಗೆಟುಕಿದುದನ್ನು ತಿನ್ನುತ್ತಾನೆ. ಆದುದರಿಂದ ಬದಲಾಗಬೇಕಾದುದು ಉಪಾಹಾರಗೃಹದ ಏರ್ಪಾಡು. ಬಡಿಸುವ ಸಾಲಿನಲ್ಲಿ ಹರಿವೆ, ಬಸಳೆಯ ಪಲ್ಯಗಳು ಮೊದಲಿರಲಿ. ಹೆಸರುಕಾಳಿನ ಉಸಲಿ ವಡೆಗಿಂತ ಅಗ್ಗವಾಗಿರಲಿ. ಬಂಗಡೆಯನ್ನು ಕರಿಯುವ ಬದಲು ಸಾರು ಮಾಡಲಿ. ಉಪ್ಪಿನ ಬಟ್ಟಲು ಮೇಜಿನಿಂದ ದೂರವಿರಲಿ. ಅಂಕೋಲೆಯ ಸುತ್ತಣ ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳೆದು ತರುವ ತರಕಾರಿಯನ್ನೇ ಕೊಂಡರೆ ಇಬ್ಬರಿಗೂ ಲಾಭ.

ರುಚಿ ಅವರವರ ಇಷ್ಟವೆಂದು ಕೆಲವರು ಆಕ್ಷೇಪಿಸಬಹುದು. ವಡೆಯನ್ನು ನಿಷೇಧಿಸಬೇಕೆಂಬುದು ನಮ್ಮ ವಾದವಲ್ಲ. ಒಳ್ಳೆಯ ಆಹಾರವೂ ವಡೆಯಷ್ಟೇ ಸುಲಭವಾಗಿ ದೊರೆಯಬೇಕೆಂಬುದೇ ನಮ್ಮ ವಾದ. ದೊರೆಯದ ವಸ್ತುವನ್ನು ಆರಿಸುವ ಸ್ವಾತಂತ್ರ್ಯಕ್ಕೆ ಅರ್ಥವೇನು?

ಕಾನೂನಿನ ಬೆಂಬಲವೂ ಇದಕ್ಕುಂಟು. ೧೯೪೮ರ ಕಾರ್ಖಾನೆಗಳ ಕಾಯಿದೆಯು ೨೫೦ಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ ಉಪಾಹಾರಗೃಹಕ್ಕೂ, ಅದರ ಆಡಳಿತದಲ್ಲಿ ಕಾರ್ಮಿಕರ ಪ್ರಾತಿನಿಧ್ಯಕ್ಕೂ ಅವಕಾಶ ಕಲ್ಪಿಸಿತು. ೨೦೨೦ರ ವೃತ್ತಿ ಸುರಕ್ಷತೆಯ ಸಂಹಿತೆ ಆ ಸಂಖ್ಯೆಯನ್ನು ೧೦೦ಕ್ಕೆ ಇಳಿಸಿತು. ಪ್ರತಿನಿಧಿಗಳು ಬೆಲೆಯನ್ನು ವಿಚಾರಿಸುವಂತೆ ಎಣ್ಣೆ, ಉಪ್ಪುಗಳ ಅಳತೆಯನ್ನೂ ವಿಚಾರಿಸಬೇಕು.

ಇಂದಿನ ವಿದ್ಯಾರ್ಥಿಗಳೇ ನಾಳಿನ ನೌಕರರು. ನಿಮ್ಮ ಕಾಲೇಜಿನ ಉಪಾಹಾರಗೃಹದಲ್ಲಿ ವಾರಕ್ಕೆ ಎಷ್ಟು ಎಣ್ಣೆ, ಎಷ್ಟು ಉಪ್ಪು ವೆಚ್ಚವಾಗುತ್ತದೆಂದು ಕೇಳಿ ಬರೆದುಕೊಳ್ಳಿರಿ. ಉಂಡವರ ಸಂಖ್ಯೆಯಿಂದ ಭಾಗಿಸಿರಿ. ಸುಧಾರಣೆ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆ ಭಾಗಲಬ್ಧವೇ ತಿಳಿಸುವುದು.